ಹೊಳಿ ಪದ ಕಟ್ಟುವವನ ಪಾಠ

ಜಮಖಂಡಿ ಸೀಮೆಯಲ್ಲಿ ಡಪ್ಪು ಹಿಡಿದು ಗೀಗೀ ಹಾಡುವವ ನಾನು. ಹೊಳೆ, ಹೊಲ, ಅಡವಿಯ ಮೇಲೆ ಪದ ಕಟ್ಟಲು ಹೋಗಿ, ಬಹುಪಾಲು ಪೆಟ್ಟು ತಿಂದೇ ಕಲಿತದ್ದು ಇಷ್ಟು.

1. ಬೈಯುವ ಮುಂಚೆ ನಿನ್ನ ಹೊಲ ನೋಡಿಕೋ. ಮುಧೋಳ ಕಡೆಯ ಒಂದು ಜಾತ್ರೆಯಲ್ಲಿ ಕಬ್ಬಿನ ಮೇಲೆ ಹಾಡಿದೆ: ನೀರು ಹಾಯಿಸಿ ಹಾಯಿಸಿ ಭೂಮಿ ಸವಳು ಮಾಡಿದಿರಿ, ರವದಿಗೆ (ಕಬ್ಬಿನ ಒಣ ಗರಿಗೆ) ಬೆಂಕಿ ಇಟ್ಟು ಎರೆಹುಳ ಸುಟ್ಟಿರಿ ಅಂತ. ಮುಂದೆ ಕೂತಿದ್ದ ಅಜ್ಜ ಎಲೆ-ಅಡಿಕೆ ಉಗುಳಿ ಬಂದು ಕೇಳಿದ: 'ತಮ್ಮಾ, ನಿನ್ನ ಹೊಲದಾಗ ಏನೈತಿ?' ಕಬ್ಬೇ ಇತ್ತು. ವಾರದ ಹಿಂದೆ ರವದಿಯನ್ನೂ ಸುಟ್ಟಿದ್ದೆ. ನನ್ನ ಹಿಮ್ಮೇಳದವರೇ ಮೊದಲು ನಕ್ಕರು. ಮರುವರ್ಷ ಅರ್ಧ ಎಕರೆಯಲ್ಲಿ ರವದಿಯನ್ನು ಸಾಲಿನ ನಡುವೆ ಹಾಸಿದೆ. ಪದದಲ್ಲಿ 'ಸುಟ್ಟಿರಿ' ಇದ್ದಲ್ಲಿ 'ಸುಟ್ಟೆವು' ಮಾಡಿದೆ. ಜನ ಎದ್ದು ಹೋಗಲಿಲ್ಲ.

2. ಎದುರಾಳಿಗೆ ಗಟ್ಟಿ ಮಾತು ಕೊಡು. ಗೀಗೀಯಲ್ಲಿ ಹರದೇಶಿ ಗಂಡಿನ ಪಕ್ಷ, ನಾಗೇಶಿ ಹೆಣ್ಣಿನ ಪಕ್ಷ, ರಾತ್ರಿಯಿಡೀ ಸವಾಲು-ಜವಾಬು. ಈ ವರಸೆಯಲ್ಲೇ ಕಬ್ಬನ್ನು ಹರದೇಶಿ, ಕೃಷ್ಣೆಯನ್ನು ನಾಗೇಶಿ ಮಾಡಿದೆ. ಮೊದಲ ಸಲ ಕಬ್ಬು ಮೂರೇ ನುಡಿಗೆ ಸೋತಿತು. ನಾಗೇಶಿ ಹಾಡುವ ಅಕ್ಕ ತಾಳ ಕೆಳಗಿಟ್ಟಳು: 'ಸೋಲೋ ಮಾತ ಎದುರಿಗಿಟ್ರ ನಾ ಗೆದ್ದೇನ ಬಂತು?' ಈಗ ಕಬ್ಬು ಮಗಳ ಮದುವೆಯ ಖರ್ಚು, ಸಾಲಿ ಫೀ, ಬ್ಯಾಂಕಿನ ಸಾಲ ಎಲ್ಲ ಎತ್ತಿ ವಾದ ಮಾಡುತ್ತದೆ. ಬೆಳಗಾದರೂ ಯಾರು ಗೆದ್ದರೆಂದು ತೀರುವುದಿಲ್ಲ; ಕಟ್ಟೆಯ ಮೇಲೆ ಮೂರು ದಿನ ಅದೇ ಮಾತು.

3. ಅಂಕಿ ಹಾಡಿಗೆ ಕೂಡುವುದಿಲ್ಲ. ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿನಿಂದ 524.256ಕ್ಕೆ ಏರುವ ಮಾತನ್ನು ಬೀಳಗಿ ಕಡೆ ಹಾಡಲು ಹೋದೆ. ನಾಲಿಗೆಯೇ ತೊಡಕಿತು. ಊರ ಹೆಂಗಸರ ಅಳತೆ ಬೇರೆ: ನೀರು ಹಣಮಪ್ಪನ ಗುಡಿಯ ಎಷ್ಟನೇ ಮೆಟ್ಟಿಲಿಗೆ? ಅದನ್ನೇ ಪಲ್ಲ ಮಾಡಿದೆ.

4. ರಬಕವಿ-ಬನಹಟ್ಟಿಯಲ್ಲಿ ಹಾಡಬೇಕಾದರೆ ಕರೆಂಟ್ ಹೋಗುವವರೆಗೆ ಕಾಯಬೇಕು. ಪವರ್‌ಲೂಮ್ ನಿಂತರೇನೇ ದನಿ ಕೇಳುವುದು.

5. ಯಡಹಳ್ಳಿ ಅಡವಿ 2016ರಲ್ಲಿ ಚಿಂಕಾರ ಧಾಮವಾಯಿತು. ಜಿಂಕೆಯ ಚೆಲುವು ಹಾಡಿ ಖುಷಿಪಟ್ಟೆ. ಕುರಿ ಕಾಯುವವರಿಗೆ ಕೇಳಿಸಿದ್ದು 'ನಿಮ್ಮ ಕುರಿ ಹೊರಗೆ' ಅಂತ. ಆ ಪದ ಬಿಟ್ಟಿದ್ದೇನೆ. ಅವರ ಹಟ್ಟಿಯಲ್ಲಿ ನಾಕು ರಾತ್ರಿ ಮಲಗಿ ಹೊಸದು ಕಟ್ಟಬೇಕು.

6. ಮಹಾಪೂರದಲ್ಲಿ ಹಾಡಬೇಡ. 2019ರ ಆಗಸ್ಟಿನಲ್ಲಿ ಡಪ್ಪು ಅಟ್ಟಕ್ಕೇರಿಸಿ ಜೋಳದ ಚೀಲ ಹೊತ್ತೆ.

7. ಅಳುವ ಪದವಷ್ಟೇ ಸಾಲದು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ರೊಕ್ಕ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಶ್ರಮಬಿಂದು ಸಾಗರ ಬ್ಯಾರೇಜ್ ಕಟ್ಟಿದರು. ಆ ಪದಕ್ಕೆ ಜನ ಈಗಲೂ ಎದ್ದು ನಿಲ್ಲುತ್ತಾರೆ. ಒಬ್ಬ ಆಯಿ ಮಾತ್ರ ತಕರಾರು ತೆಗೆದಳು: 'ಕಲ್ಲ ಹೊತ್ತಾವ್ರನ್ನ ಹಾಡಿದಿ, ಬುತ್ತಿ ಹೊತ್ತಾವ್ರನ್ನ ಬಿಟ್ಟಿ.' ಅಲ್ಲೇ ನಿಂತು ಒಂದು ನುಡಿ ಸೇರಿಸಿದೆ. ಇನ್ನೊಂದು ನುಡಿ ಬಾಕಿ ಇದೆ: ಆ ನೀರೇ ನನ್ನ ಹೊಲಕ್ಕೆ ಕಬ್ಬು ತಂದದ್ದು, ಕಬ್ಬಿನ ಹಿಂದೆಯೇ ಸವಳು ಬಂದದ್ದು. ಎಷ್ಟು ಸಲ ಕಟ್ಟಿದರೂ ಅಲ್ಲಿಗೆ ಬಂದಾಗ ತಾಳ ತಪ್ಪುತ್ತದೆ.