ಬಿಚ್ಚುವ ಮೊದಲು ಗಾಲಿಗೆ ಕಲ್ಲು

ತಮ್ಮಾ, ಬುಟಿಬೋರಿ ಕಡೆ ರಸ್ತೆ ಕೆಲಸಕ್ಕೆ ಸೇರಿದಿ, ಟ್ರ್ಯಾಕ್ಟರಿಗೆ ಕಂಪ್ರೆಸರ್ ಕಟ್ಟಿಕೊಂಡು ಸೈಟಿನಿಂದ ಸೈಟಿಗೆ ಒಯ್ಯುವ ಕೆಲಸ ಅಂತ ನಿನ್ನವ್ವ ಹೇಳಿದಳು. ಓಡಿಸುವುದನ್ನು ನಿನಗೆ ಕಲಿಸಬೇಕಾಗಿಲ್ಲ. ಇಂಡಿ ಸೀಮೆಯಲ್ಲಿ ಕಬ್ಬು ಎಳೆದವನು ನೀನು. ನಾನು ಹೇಳುವುದು ಕೊಂಡಿ ಹಾಕುವ, ಬಿಚ್ಚುವ ಹೊತ್ತಿನ ಮಾತು. ಈ ಕಸುಬಿನಲ್ಲಿ ಬೆರಳು ಕಳೆದುಕೊಂಡವರನ್ನು ನಾಗಪುರದಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರು ಕಳೆದುಕೊಂಡದ್ದು ಗಾಡಿ ನಿಂತಾಗಲೇ.

ನಾಲ್ಕು ಗಾಲಿಯ ಕಬ್ಬಿನ ಟ್ರೇಲರಿನ ಭಾರವೆಲ್ಲ ಅದರ ಗಾಲಿಗಳ ಮೇಲೆಯೇ. ಡ್ರಾಬಾರ್ ಎಳೆದರೆ ಸಾಕು. ಎರಡು ಗಾಲಿಯ ಕಂಪ್ರೆಸರ್ ಹಾಗಲ್ಲ, ಒಂದು ಪಾಲು ಭಾರ ಮೂತಿಯ ಮೇಲೆ ಕೂತಿರುತ್ತದೆ. ಅಜ್ಜನ ಎತ್ತಿನ ಗಾಡಿ ನೆನಪಿದೆಯಲ್ಲ? ಹಿಂಭಾರವಾದರೆ ಮೂಕಿ ಎದ್ದು ಎತ್ತಿನ ಕೊರಳು ಬಿಗಿಯುತ್ತಿತ್ತು, ಮುಂಭಾರ ಹೆಚ್ಚಾದರೆ ಹೆಗಲು ಹುಣ್ಣಾಗುತ್ತಿತ್ತು. ಇಲ್ಲಿಯೂ ಒಟ್ಟು ತೂಕದಲ್ಲಿ ನೂರಕ್ಕೆ 10ರಷ್ಟು ಕೊಂಡಿಯ ಮೇಲಿರಬೇಕು. ಕಂಪನಿಯವರು ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ, ಕೆಡಿಸುವವರು ನಾವು. ಹೋಸ್ ಪೈಪು, ಬ್ರೇಕರ್, ಡೀಸೆಲ್ ಕ್ಯಾನು ಎಲ್ಲ ಹಿಂದೆ ಹೇರಿದರೆ ಮೂತಿ ಹಗುರಾಗಿ ರಸ್ತೆಯಲ್ಲಿ ಓಲಾಡತೊಡಗುತ್ತದೆ. ಸೈಟಿನಲ್ಲಿ ಪಿನ್ ತೆಗೆದ ಕೂಡಲೇ ಮೇಲಕ್ಕೆ ಚಿಮ್ಮುತ್ತದೆ. ನಿನ್ನ ಗದ್ದ ಅಲ್ಲೇ ಬಗ್ಗಿರುತ್ತದೆ.

ಇಲ್ಲಿಯದೂ ನಮ್ಮ ಕಡೆಯಂಥದೇ ಎರೆ ನೆಲ. ಮೇ ತಿಂಗಳಲ್ಲಿ ಕಲ್ಲಾಗಿ ಬಿರುಕು ಬಿಟ್ಟದ್ದು ಒಂದು ಮಳೆ ಬಿದ್ದರೆ ಬೆಣ್ಣೆ. ಎರಡು ಟನ್ನಿನ ಯಂತ್ರವಾದರೆ ಮೂತಿಯ ಮೇಲೆ 200 ಕಿಲೋ ಬಂತು, ಬಿಚ್ಚಿದಾಗ ಅದನ್ನು ಹೊರುವ ಜಾಕಿನ ಪಾದವೋ ಅಂಗೈ ಅಗಲ. ಸಂಜೆ ನೆಟ್ಟಗೆ ನಿಲ್ಲಿಸಿದ್ದು ಬೆಳಗಾಗುವುದರೊಳಗೆ ಮೂಗು ಊರಿರುತ್ತದೆ. ಡಾಂಬರನ್ನೂ ನಂಬಬೇಡ, 45 ಡಿಗ್ರಿ ಬಿಸಿಲಿಗೆ ಅದೂ ಮೆತ್ತಗಾಗುತ್ತದೆ. ಜಾಕಿನ ಕೆಳಗೆ ದಪ್ಪ ಹಲಗೆಯೊಂದು ಯಾವಾಗಲೂ ಇರಲಿ.

ಬಿಚ್ಚುವಾಗ ಮೊದಲು ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡು. ಗುಂಡುಕಲ್ಲು ಉರುಳುತ್ತದೆ; ಬಡಿಗನ ಹತ್ತಿರ ಜಾಲಿಮರದ ಬೆಣೆ ಮಾಡಿಸಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಆಮೇಲೆ ಜಾಕು ಇಳಿಸಿ ತಿರುಗಿಸು. ಭಾರ ಜಾಕಿಗೆ ಬಂದಾಗ ಪಿನ್ ಬೆರಳಿನಲ್ಲಿ ಸುಮ್ಮನೆ ಅಲ್ಲಾಡುತ್ತದೆ, ಆಗ ತೆಗೆ. ಅಲ್ಲಾಡದಿದ್ದರೆ ಸುತ್ತಿಗೆ ಹಿಡಿಯಬೇಡ. ಇನ್ನೂ ಭಾರ ಅದರ ಮೇಲಿದೆ, ಜಾಕನ್ನು ಇನ್ನಷ್ಟು ತಿರುಗಿಸು. ಜಾಕಿನ ಭರವಸೆಯ ಮೇಲೆ ಯಂತ್ರದ ಅಡಿ ಮಾತ್ರ ತೂರಬೇಡ.

ಕೊಂಡಿ ಹಾಕುವಾಗ ಹೆಲ್ಪರ್ ಹುಡುಗ ನಡುವೆ ನಿಂತು ‘ಆನೇ ದೋ, ಆನೇ ದೋ’ ಅನ್ನುತ್ತಾನೆ. ಅವನನ್ನು ಪಕ್ಕಕ್ಕೆ, ನಿನ್ನ ಕಣ್ಣಿಗೆ ಬೀಳುವಲ್ಲಿ ನಿಲ್ಲಿಸು. ಕಾಣದಿದ್ದರೆ ಗಾಡಿ ನಿಲ್ಲಿಸು. ಟ್ರ್ಯಾಕ್ಟರ್ ನಿಂತು, ಹ್ಯಾಂಡ್‌ಬ್ರೇಕ್ ಬಿದ್ದ ಮೇಲೆಯೇ ಒಬ್ಬರು ಒಳಗೆ ಹೋಗಬೇಕು. ಪಿನ್ನಿನ ಜಾಗಕ್ಕೆ ಸರಳಿನ ತುಂಡು ಸಿಕ್ಕಿಸುವ ಚಾಳಿ ಇಲ್ಲಿದೆ, ನಿನಗೆ ಬೇಡ. ಪಿನ್ನಿಗೆ ಕ್ಲಿಪ್ಪು ಹಾಕು. ಎರಡು ಸರಪಳಿಗಳನ್ನು ಡ್ರಾಬಾರಿನ ಅಡಿ ಕತ್ತರಿಯಂತೆ ದಾಟಿಸಿ ಕಟ್ಟು. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ನಾಟದೆ ಅವುಗಳ ಮೇಲೆ ಕೂರುತ್ತದೆ. ಕಂಪ್ರೆಸರನ್ನು ಟ್ರ್ಯಾಕ್ಟರಿನ ಮೇಲಿನ ಲಿಂಕಿನ ಜಾಗಕ್ಕೆ ಎಂದೂ ಕಟ್ಟಬೇಡ. ಎತ್ತರದಿಂದ ಎಳೆದರೆ ಮುಂಗಾಲಿ ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ಹೊಲದಲ್ಲಿ ಬಿಡಿಸಿಟ್ಟ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗೆ ಇಳಿಯುವ ಮೊದಲು ಕೂಡಿಸಿಕೋ.

ವರ್ಧಾ ರಸ್ತೆ ಅಂದರೆ ರಾಷ್ಟ್ರೀಯ ಹೆದ್ದಾರಿ 44. ನಮ್ಮ ಬೆಂಗಳೂರಿಗೂ ಅದೇ ದಾರಿ, ಕಾಶ್ಮೀರದ ಲಾರಿಗೂ ಅದೇ ದಾರಿ. ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇಲ್ಲದೆ ಕತ್ತಲಲ್ಲಿ ಅದಕ್ಕೆ ಇಳಿಯಬೇಡ.

ಹೊರಡುವಾಗ ಜಾಕನ್ನು ಪೂರಾ ಮೇಲೆತ್ತು. ಮರೆತರೆ ಮೊದಲನೇ ಉಬ್ಬಿಗೇ ಬಾಗುತ್ತದೆ. ಹೊಸದು ತರಿಸಲು ಮುಕಾದಮ ವಾರ ಮಾಡುತ್ತಾನೆ, ಅಲ್ಲಿಯವರೆಗೆ ಇಟ್ಟಿಗೆಯ ಮೇಲೆ ನಿಲ್ಲಿಸು ಅನ್ನುತ್ತಾನೆ. ಒಲ್ಲೆ ಅನ್ನು. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಟ್ರ್ಯಾಕ್ಟರಿಗೆ ಕಟ್ಟಿದ ಹಾಗೇ ಬಿಟ್ಟು, ಗಾಲಿಗೆ ಬೆಣೆ ಕೊಟ್ಟು, ಕೀಲಿ ಕಿಸೆಯಲ್ಲಿಟ್ಟುಕೊಂಡು ಊಟಕ್ಕೆ ನಮ್ಮ ಮನೆಗೆ ಬಾ. ಅವನು ಬೈದರೆ ಬೈಯಲಿ.