ಬಾಳೆಮೀನಿನ ಗಾಳಿಚೀಲ ಬಿಡಿಸಿ ನೋಡಿ

ಆಸ್ಪರಿ, ಆದೋನಿ ಕಡೆ ಹೊಳೆಮೀನು, ಕಾಲುವೆಮೀನು ಕೊಂಡು ತರುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಒಂದು ಮಾತು. ಬಾಳೆಮೀನು ಕೊಯ್ದಾಗ ಬೆನ್ನುಮೂಳೆಯ ಕೆಳಗೆ ಬೆಳ್ಳನೆಯ ಗಾಳಿಚೀಲ ಸಿಗುತ್ತದೆ. ಅದನ್ನು ಸೀಳಿ ನೋಡಿ. ಕೆಲವೊಮ್ಮೆ ಒಳಗೆ ಎಲೆಯಂತೆ ಚಪ್ಪಟೆಯಾದ, ಮೆಲ್ಲಗೆ ಮಿಸುಕುವ ಹುಳಗಳಿರುತ್ತವೆ. ಹೆಬ್ಬೆರಳಿನ ಉಗುರಿಗಿಂತ ದೊಡ್ಡವೂ ಉಂಟು. ಇವು ಐಸೋಪಾರಾರ್ಕಿಸ್ ಎಂಬ ಪರೋಪಜೀವಿ. ನೀರಿನ ಬಸವನಹುಳದಲ್ಲಿ ಬೆಳೆದು, ಸಣ್ಣ ಜೀವಿಗಳ ಮೂಲಕ ಬಾಳೆಮೀನಿನ ಹೊಟ್ಟೆ ಸೇರುತ್ತವೆ.

ಗಾಬರಿಯಾಗಿ ಮೀನನ್ನೆಲ್ಲ ಚೆಲ್ಲಬೇಕಿಲ್ಲ. ಗಾಳಿಚೀಲ, ಕರುಳು ತೆಗೆದು ಮಣ್ಣಿನಲ್ಲಿ ಹೂಳಿ. ಕೆರೆಗೆ ಎಸೆಯಬೇಡಿ, ನಾಯಿ ಬೆಕ್ಕುಗಳಿಗೂ ಹಾಕಬೇಡಿ. ಚೂರಿ, ಹಲಗೆ, ಕೈ ಚೆನ್ನಾಗಿ ತೊಳೆಯಿರಿ. ಆಮೇಲೆ ಮುಖ್ಯವಾದುದು ಬೇಯಿಸುವುದು. ಹಸಿ ಸಿಹಿನೀರಿನ ಮೀನಿನಲ್ಲಿ ಮನುಷ್ಯರ ಚರ್ಮದಡಿ, ಕಣ್ಣಿನಲ್ಲಿ ಅಲೆದಾಡುವ ನ್ಯಾಥೋಸ್ಟೋಮಾದಂಥ ಹುಳದ ಮರಿಗಳೂ ಇರಬಹುದು. ಹುಣಸೆ, ನಿಂಬೆ, ಉಪ್ಪು ಹಚ್ಚಿಟ್ಟರೆ ಅವು ಸಾಯುತ್ತವೆಂದು ನಂಬಬೇಡಿ. ಮುಳ್ಳಿನ ಬಳಿಯ ಮಾಂಸವೂ ಬೆಂದು ಬಿಳಿಯಾಗಿ ಪದರಪದರವಾಗಿ ಬಿಡಬೇಕು.

ಹೊಂಡದಲ್ಲಿ ಮೀನು ಸಾಕುವವರೇ, ಚೇಳುಮೀನಿನಂಥ ಮೀನುಗಳಿಗೆ ಹುರುಪೆ ಇರುವುದಿಲ್ಲ, ಅವುಗಳ ಮೈಮೇಲೂ ಬಿಳಿಚುಕ್ಕೆ ಕಾಣಿಸಿಕೊಳ್ಳುತ್ತದೆ. ಈ ಚುಕ್ಕೆಗೆ ಕಾರಣವಾದ ಇಕ್ ಎಂಬ ಪರೋಪಜೀವಿ ಚರ್ಮದಡಿ ಕೂತಿರುವಾಗ ಔಷಧಿ ತಾಗದು. ಹೊರಬಂದು ಈಜುವಾಗಷ್ಟೇ ತಾಗುತ್ತದೆ. ಅದಕ್ಕೇ ಒಂದು ದಿನದ ಉಪಚಾರ ಸಾಲದು. ಹೊಸ ಮರಿಗಳನ್ನು ಎರಡು ವಾರ ಬೇರೆ ತೊಟ್ಟಿಯಲ್ಲಿಡಿ. ಹುರುಪೆಯಿಲ್ಲದ ಮೀನಿಗೆ ಔಷಧಿಯ ಪ್ರಮಾಣ ಹೆಚ್ಚಾದರೆ ಅದೇ ಕೊಲ್ಲುತ್ತದೆ. ಅಳತೆಯನ್ನು ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಹಾಕಿ.