ಸ್ನಾಯುವಿನ ಮೀಸಲು ನಿಧಿ

ಡೊಂಬಿವಲಿಯಿಂದ ದಿನವೂ ಗಾಡಿ ಹಿಡಿದು ಬಂದು ದಾದರಿನ ಮೇಲ್ಸೇತುವೆಯನ್ನು ಎರಡೆರಡು ಮೆಟ್ಟಿಲು ದಾಟಿ ಏರುತ್ತಿದ್ದ ಮುಂಬಯಿ ಕನ್ನಡಿಗನು, ಐವತ್ತು ಕಳೆಯುತ್ತಲೇ ಕಂಬಿ ಹಿಡಿದು ಏರತೊಡಗುತ್ತಾನೆ. ವಯಸ್ಸಾಯಿತೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ. ಎಲುಬಿಗೆ ಅಂಟಿದ ಸ್ನಾಯುವು ಹೇಗೆ ಹುಟ್ಟಿ ಬೆಳೆಯುತ್ತದೆಂಬುದನ್ನು ಅರಿತವರಿಗೆ ಈ ಸಮಾಧಾನವು ಅರ್ಧಸತ್ಯವೆಂದು ತೋರುವುದು.

ಸ್ನಾಯುವಿನ ಒಂದು ತಂತುವು ಒಂದೇ ಜೀವಕೋಶದ ಬೆಳವಣಿಗೆಯಲ್ಲ. ಭ್ರೂಣದಲ್ಲಿ ಅನೇಕ ಸಣ್ಣ ಕೋಶಗಳು ಸಾಲುಗಟ್ಟಿ, ಒಂದರೊಡನೊಂದು ಬೆರೆತು, ಹಲವಾರು ಕೋಶಕೇಂದ್ರಗಳುಳ್ಳ ಉದ್ದನೆಯ ಎಳೆಯಾಗುತ್ತವೆ. ಸ್ನಾಯುವಾಗೆಂದು ಅವುಗಳಿಗೆ ಅಪ್ಪಣೆ ಕೊಡುವವರಾರು? 1987ರಲ್ಲಿ ಅಮೆರಿಕೆಯ ಸಿಯಾಟಲ್ ನಗರದಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಅವರ ಸಂಗಡಿಗರು ಮಯೋಡಿ ಎಂಬ ಜೀನನ್ನು ಗುರುತಿಸಿದರು. ಸ್ನಾಯುವಿನ ಗೋಜಿಗೇ ಹೋಗದ ಇಲಿಯ ಕೋಶವೊಂದರಲ್ಲಿ ಅದನ್ನು ಚಾಲನೆಗೊಳಿಸಿದಾಗ ಆ ಕೋಶವು ಸ್ನಾಯುಕೋಶವಾಗಿ ಮಾರ್ಪಟ್ಟಿತು! ಈ ಜೀನಿನಿಂದ ತಯಾರಾಗುವ ಪ್ರೋಟೀನು ಇತರ ಜೀನುಗಳಿಗೆ ಅಂಟಿಕೊಂಡು, ಸ್ನಾಯುವಿನ ಸೆಳೆತಕ್ಕೆ ಕಾರಣವಾದ ಆಕ್ಟಿನ್, ಮಯೋಸಿನ್‌ಗಳ ತಯಾರಿಕೆಗೆ ಮಂಜೂರಾತಿ ನೀಡುತ್ತದೆ. ಈ ಮೇಲಧಿಕಾರಿ ಇಲ್ಲದಿದ್ದರೂ ಮಿಫ್-5 ಎಂಬ ಜೊತೆಗಾರನು ಸಹಿ ಹಾಕುವುದುಂಟು. ಬೆಳವಣಿಗೆ ಮಿತಿಮೀರದಂತೆ ತಡೆ ಹಾಕುವ ಮಯೋಸ್ಟಾಟಿನ್ 1997ರಲ್ಲಿ ಬೆಳಕಿಗೆ ಬಂದಿತು.

ಮನುಷ್ಯನ ಸ್ನಾಯುತಂತುಗಳ ಸಂಖ್ಯೆ ಜನನದ ಹೊತ್ತಿಗೆ ಬಹುಮಟ್ಟಿಗೆ ನಿಗದಿಯಾಗಿಬಿಡುತ್ತದೆ. ಆಮೇಲಿನದು ಗಾತ್ರದ ಹೆಚ್ಚಳ ಮತ್ತು ದುರಸ್ತಿ. ದುರಸ್ತಿಗೆ ಬಂಡವಾಳವೆಲ್ಲಿಂದ? 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿಯು ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವಾಗ ತಂತುವಿನ ಅಂಚಿಗೆ ಅಂಟಿಕೊಂಡು ಮಲಗಿದ್ದ ಪುಟ್ಟ ಕೋಶಗಳನ್ನು ಕಂಡು 'ಉಪಗ್ರಹ ಕೋಶ'ಗಳೆಂದು ಕರೆದನು. ಸ್ನಾಯುವಿಗೆ ಪೆಟ್ಟಾದಾಗ ಇವು ಎಚ್ಚೆತ್ತು, ವಿಭಜನೆ ಹೊಂದಿ, ಕೆಲವು ಹೊಸ ಸ್ನಾಯುವಾಗುತ್ತವೆ. ಕೆಲವು ಮರಳಿ ನಿದ್ರೆಗೆ ಜಾರಿ ಮುಂದಿನ ಆಪತ್ತಿಗೆ ಕಾದಿರುತ್ತವೆ. ಬ್ಯಾಂಕಿನ ಮೀಸಲು ನಿಧಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕದು.

ಈ ಶೋಧದಲ್ಲಿ ಮುಂಬಯಿಗೂ ಪಾಲುಂಟು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಒಬೇದ್ ಸಿದ್ದಿಕಿಯವರು ಅಣುಜೀವವಿಜ್ಞಾನದ ವಿಭಾಗವನ್ನು ಆರಂಭಿಸಿದರು. ಅಲ್ಲಿಯೇ ಪಿಎಚ್.ಡಿ. ಪಡೆದ ಕೆ. ವಿಜಯರಾಘವನ್, ಕಳಿತ ಬಾಳೆಹಣ್ಣಿನ ಸುತ್ತ ಹಾರುವ ಹಣ್ಣುನೊಣದ ರೆಕ್ಕೆಯ ಸ್ನಾಯುಗಳನ್ನು ಅಭ್ಯಸಿಸಿದರು. ಕನ್ನಡಿಗರು ಹೊಟ್ಟೆಪಾಡಿಗೆ ಮುಂಬಯಿಗೆ ಬಂದರೆ ಈ ವಿದ್ಯೆಯು 1990ರ ದಶಕದಲ್ಲಿ ಬೆಂಗಳೂರಿಗೆ ವಲಸೆ ಹೋಗಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಬೇರೂರಿತು. ಅಲ್ಲಿ ವಿಜಯರಾಘವನ್ ಅವರ ತಂಡವು 2014ರಲ್ಲಿ ನೊಣದ ಹಾರಾಟದ ಸ್ನಾಯುಗಳನ್ನು ನಿರ್ಮಿಸುವ ಆಕರಕೋಶಗಳನ್ನು ಗುರುತಿಸಿತು. 2017ರಲ್ಲಿ, ಬೆಳೆದ ನೊಣದಲ್ಲಿಯೂ ಉಪಗ್ರಹ ಕೋಶಗಳಿರುವುದನ್ನೂ, ಗಾಯವಾದಾಗ ಅವು 'ನಾಚ್' ಎಂಬ ಸಂಕೇತದ ಮೂಲಕ ಎಚ್ಚರಗೊಳ್ಳುವುದನ್ನೂ ತೋರಿಸಿತು. ಕಶೇರುಕಗಳಲ್ಲೂ ಇದೇ ಸಂಕೇತ ದುಡಿಯುತ್ತದೆ. ನೊಣಕ್ಕೂ ಮನುಷ್ಯನಿಗೂ ಒಂದೇ ಲೆಕ್ಕಪದ್ಧತಿ ಎನ್ನಬೇಕು.

ವಯಸ್ಸಾದಂತೆ ಈ ಕೋಶಗಳು ಕಡಿಮೆಯಾಗುತ್ತವೆ, ಎಚ್ಚರಗೊಳ್ಳಲು ತಡಮಾಡುತ್ತವೆ. ಆದರೆ ನಿಧಿ ಬರಿದಾಗುವುದಿಲ್ಲ. 1990ರಲ್ಲಿ ಬಾಸ್ಟನ್ ನಗರದ ವೃದ್ಧಾಶ್ರಯವೊಂದರಲ್ಲಿ ಸರಾಸರಿ ತೊಂಬತ್ತು ವಯಸ್ಸಿನವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದಾಗ ಅವರ ಶಕ್ತಿಯು ಎರಡು ಪಟ್ಟಿಗಿಂತಲೂ ಅಧಿಕವಾಯಿತು. ನರಗಳ ಪಾಲು ಅದರಲ್ಲಿ ದೊಡ್ಡದು. ಆದರೂ ತೊಡೆಯ ಸ್ನಾಯು ಕೂಡ ದಪ್ಪವಾಗಿತ್ತು. ಇದಕ್ಕೆ ಪ್ರತಿಯಾಗಿ, 2007ರಲ್ಲಿ ಪ್ರಕಟವಾದ ಅಮೆರಿಕೆಯ ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧರು ಹತ್ತೇ ದಿನ ಹಾಸಿಗೆಯಲ್ಲಿ ಮಲಗಿ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಲ ತೂಕವನ್ನು ಕಳೆದುಕೊಂಡರು. ಊರಿನಿಂದ ಕರೆತಂದ ತಾಯಿಯನ್ನು ಜಾರಿ ಬಿದ್ದಾಳೆಂಬ ಅಕ್ಕರೆಯಿಂದ ತಿಂಗಳುಗಟ್ಟಲೆ ಮಲಗಿಸಿಡುವ ಮಕ್ಕಳು ಈ ಅಂಕೆಯನ್ನು ನೆನಪಿಡತಕ್ಕದ್ದು. ವೈದ್ಯರು ಅನುಮತಿಸಿದ ದಿನವೇ ಆಕೆಯನ್ನು ಎಬ್ಬಿಸಿ ನಡೆಸಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ, ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ, ಎಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ತಿಳಿಸಾರು, ಅನ್ನ, ಉಪ್ಪಿನಕಾಯಿಯ ಊಟದಿಂದ ಇದು ಒದಗದು; ಹುರುಳಿ, ಕಡಲೆ, ಹೆಸರುಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಸೇರಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸುವುದು. ಇನ್ನು ವ್ಯಾಯಾಮಕ್ಕೆ ಚಾಳಿನ ಒಂದು ಕೋಣೆಯೂ ಸಾಕು: ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸುವುದು, ವಾರಕ್ಕೆ ಎರಡು ಮೂರು ದಿನ.